795ಕ್ಕೆ ತುಕ್ಕು ಯಾಕೆ ಜಾಸ್ತಿಯಾಯ್ತು?

ಪ್ರಶ್ನೆ: ಮಾದಾಪುರದ ಹತ್ತಿರ ನಮ್ಮದು ಅರೇಬಿಕಾ ಕಾಫಿ ತೋಟ. ಅಪ್ಪನ ಕಾಲದಲ್ಲಿ 795 ತಳಿಯ ಗಿಡಕ್ಕೆ ಎಲೆ ತುಕ್ಕು ಇಷ್ಟು ಬರುತ್ತಿರಲಿಲ್ಲವಂತೆ. ಈಗ ಮಳೆ ಮುಗಿಯುವ ಹೊತ್ತಿಗೆ ಎಲೆ ಉದುರಿ ರೆಂಬೆ ಬೋಳಾಗುತ್ತದೆ. ಪಕ್ಕದ ರೊಬಸ್ಟಾ ಕಾಫಿ ಹಸಿರಾಗೇ ಇದೆ. ತಳಿ ಕೆಟ್ಟಿತಾ? ಎಲ್ಲ ಕಿತ್ತು ಬೇರೆ ಹಾಕಬೇಕಾ?

ಉತ್ತರ: ದಯವಿಟ್ಟು ಕೀಳಬೇಡಿ. ನಿಮ್ಮ ಗಿಡ ಅಂದು ಹೇಗಿತ್ತೋ ಇಂದೂ ಹಾಗೇ ಇದೆ. ಬದಲಾಗಿರುವುದು ತುಕ್ಕು.

ಎಲೆಯ ಅಡಿಯಲ್ಲಿ ಕಾಣುವ ಕಿತ್ತಳೆ ಪುಡಿ ಒಂದು ಶಿಲೀಂಧ್ರದ ಬೀಜಕಣಗಳು. ಕಣ ಎಲೆಯ ಉಸಿರಾಟದ ರಂಧ್ರದಿಂದ ಒಳಗೆ ಇಳಿಯುತ್ತದೆ. ಇಳಿದ ಮೇಲೆ ಸಣ್ಣ ಸಣ್ಣ ಪ್ರೋಟೀನುಗಳನ್ನು ಎಲೆಯ ಜೀವಕೋಶಕ್ಕೆ ಬಿಡುತ್ತದೆ. ಗಿಡದ ಕಾವಲನ್ನು ಮಂಕು ಮಾಡುವುದೇ ಅವುಗಳ ಕೆಲಸ. ಗಿಡವೂ ಸುಮ್ನೆ ಇರುವುದಿಲ್ಲ. ಅದರ ಕೆಲವು ಜೀನ್‌ಗಳು ಇಂಥದ್ದೊಂದು ಪ್ರೋಟೀನನ್ನು ಗುರುತು ಹಿಡಿದರೆ ಸಾಕು, ಆ ಜಾಗದ ಕೋಶಗಳು ತಾವಾಗಿಯೇ ಸಾಯುತ್ತವೆ. ಜೀವಂತ ಕೋಶವಿಲ್ಲದೆ ತುಕ್ಕಿಗೆ ಊಟವಿಲ್ಲ. ಗಿಡದ ಒಂದೊಂದು ಜೀನ್‌ಗೆ ತುಕ್ಕಿನಲ್ಲೂ ಒಂದೊಂದು ಜೋಡಿ ಜೀನ್ ಇರುತ್ತದೆ ಎಂದು 1940ರ ದಶಕದಲ್ಲಿ ಅಮೆರಿಕದ ಫ್ಲೋರ್ ಎಂಬ ವಿಜ್ಞಾನಿ ಅಗಸೆ ಗಿಡದಲ್ಲಿ ತೋರಿಸಿಕೊಟ್ಟರು.

ಮಾಕುಟ್ಟ ಚೆಕ್‌ಪೋಸ್ಟಿನಲ್ಲಿ ಒಂದು ಗಾಡಿಯ ನಂಬರ್ ಬರೆದಿಟ್ಟುಕೊಂಡಿದ್ದಾರೆ ಅಂದುಕೊಳ್ಳಿ. ನಂಬರ್ ಪ್ಲೇಟನ್ನೇ ಕಿತ್ತರೆ ಆ ಗಾಡಿ ಗುರುತು ಸಿಗುವುದಿಲ್ಲ, ಅಲ್ವಾ? ಶಿಲೀಂಧ್ರ ಮಾಡುವುದೂ ಬಹುಪಾಲು ಅದನ್ನೇ. ಹೊಸ ಶಕ್ತಿ ಗಳಿಸುವುದಕ್ಕಿಂತ ಹೆಚ್ಚಾಗಿ, ಗಿಡಕ್ಕೆ ಗುರುತಾಗುತ್ತಿದ್ದ ಜೀನನ್ನು ಕಳೆದುಕೊಳ್ಳುತ್ತದೆ, ಇಲ್ಲವೇ ಅದರ ರೂಪ ಬದಲಾಗುತ್ತದೆ. ಬೇಕೆಂದೇ ಮಾಡುವುದಲ್ಲ ಇದು. ಲಕ್ಷಗಟ್ಟಲೆ ಕಣ ಹುಟ್ಟುವಾಗ ಎಲ್ಲೋ ಒಂದರಲ್ಲಿ ಇಂಥ ತಪ್ಪು ಆಗುತ್ತದೆ. ಬೇರೆ ಕಣಗಳೆಲ್ಲ ಸಾಯುವ ತೋಟದಲ್ಲಿ ಅದೊಂದು ಉಳಿಯುತ್ತದೆ. ಕಾಫಿ ತುಕ್ಕು ಹೆಚ್ಚಾಗಿ ತನ್ನದೇ ಪಡಿಯಚ್ಚು ಹಾಕುತ್ತಾ ಹೋಗುವುದರಿಂದ ಉಳಿದದ್ದೇ ತೋಟ ತುಂಬುತ್ತದೆ. ಇದರ ಡಿಎನ್‌ಎಯಲ್ಲಿ ಜಾಗದಿಂದ ಜಾಗಕ್ಕೆ ಹಾರುವ ತುಣುಕುಗಳೂ ತುಂಬಾ ಇವೆ. ಅಂಥ ತುಣುಕು ಒಂದು ಜೀನ್ ಮಧ್ಯೆ ಕೂತರೆ ಆ ಜೀನ್ ಅಲ್ಲಿಗೆ ಮುಗಿಯಿತು.

ನಮ್ಮ ಕಾಫಿ ಸೀಮೆ ಇದನ್ನು ಮೊದಲೇ ಕಂಡಿದೆ. 1911ರಲ್ಲಿ ದೊಡ್ಡೇನಗುಡ್ಡ ಎಸ್ಟೇಟಿನಲ್ಲಿ ಆರಿಸಿದ ಕೆಂಟ್ಸ್ ತಳಿ ಮೊದಲು ತುಕ್ಕನ್ನು ತಡೆಯಿತು, ಆಮೇಲೆ ಸೋತಿತು. 1930ರ ದಶಕದಲ್ಲಿ ಬಾಳೆಹೊನ್ನೂರಿನಲ್ಲಿದ್ದ ಮೇನ್ ಎಂಬ ವಿಜ್ಞಾನಿ ತುಕ್ಕಿನಲ್ಲೇ ಬೇರೆ ಬೇರೆ ಪಂಗಡಗಳಿವೆ ಎಂದು ಕಂಡುಹಿಡಿದರು. ಆಮೇಲೆ, 1940ರ ದಶಕದಲ್ಲಿ, ಬಂದದ್ದೇ ನಿಮ್ಮ 795. ಕೆಂಟ್ಸ್ ಜೊತೆಗೆ ಲೈಬೀರಿಕಾ ಎಂಬ ಬೇರೆ ಜಾತಿಯ ಕಾಫಿಯಿಂದ ಬಂದ ಇನ್ನೊಂದು ತಡೆ ಜೀನ್ ಅದರಲ್ಲಿದೆ. ಅಷ್ಟು ವರ್ಷ ಅದು ನಿಂತದ್ದೇ ದೊಡ್ಡದು. ಟಿಮೋರ್ ದ್ವೀಪದಲ್ಲಿ ಅರೇಬಿಕಾ ಮತ್ತು ರೊಬಸ್ಟಾ ತಾವಾಗೇ ಕೂಡಿ ಹುಟ್ಟಿದ ಗಿಡದಿಂದ ಕಾವೇರಿ ತಳಿ ಬಂತು, ಅದಕ್ಕೂ ಈಗ ತುಕ್ಕು ಹಿಡಿಯುತ್ತದೆ. ಪ್ರಪಂಚದಲ್ಲಿ ಇಂದು ಗೊತ್ತಿರುವ ಪಂಗಡಗಳೇ 50ಕ್ಕೂ ಹೆಚ್ಚು.

ರೊಬಸ್ಟಾ ವಿಷಯ ಬೇರೆ. ಅದಕ್ಕೆ ಬೇರೆ ಗಿಡದ ಪರಾಗ ಬೇಕೇ ಬೇಕು. ಹಾಗಾಗಿ ಬೀಜದಿಂದ ಬಂದ ಒಂದು ಗಿಡ ಇನ್ನೊಂದರಂತೆ ಇರುವುದಿಲ್ಲ. ಒಂದನ್ನು ಗೆದ್ದ ತುಕ್ಕಿಗೆ ಪಕ್ಕದ್ದು ಸಿಗಲಿಕ್ಕಿಲ್ಲ. ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ, ತೋಟವಿಡೀ ಹೆಚ್ಚುಕಮ್ಮಿ ಒಂದೇ ಗಿಡ ಇದ್ದ ಹಾಗೆ. ಅದಕ್ಕೇ ಸತ್ತ ಗಿಡದ ಜಾಗ ತುಂಬುವಾಗ ಒಂದೇ ತಳಿ ಹಾಕಬೇಡಿ. 795 ನಡುವೆ ಚಂದ್ರಗಿರಿ ತಳಿಯೂ ಇರಲಿ. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದಲ್ಲಿ ಕೇಳಿ, ನಿಮ್ಮ ಜಾಗಕ್ಕೆ ಹೊಂದುವುದನ್ನು ಹೇಳುತ್ತಾರೆ.

ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಮಾತ್ರ ಬಿಡಬೇಡಿ. ಶೇ 0.5ರಷ್ಟು, ಮಳೆಗೆ ಮುಂಚೆ ಒಮ್ಮೆ, ಮಳೆ ನಂತರ ಒಮ್ಮೆ, ಎಲೆಯ ಅಡಿಗೆ ಬೀಳುವ ಹಾಗೆ. 1885ರಿಂದ ಬಳಕೆಯಲ್ಲಿದ್ದರೂ ಅದು ಇನ್ನೂ ಕೆಲಸ ಮಾಡುತ್ತದೆ. ಅದರಲ್ಲಿರುವ ತಾಮ್ರ ಶಿಲೀಂಧ್ರವನ್ನು ಒಂದೇ ಕಡೆ ಹೊಡೆಯುವುದಿಲ್ಲ, ಹತ್ತಾರು ಕಡೆ ಹೊಡೆಯುತ್ತದೆ. ಒಂದು ಜೀನ್ ಬದಲಾದ ಮಾತ್ರಕ್ಕೆ ತುಕ್ಕಿಗೆ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಎಲೆಯೊಳಗೆ ಇಳಿಯುವ ಹೊಸ ಔಷಧಿಗಳಿಗೆ ಆ ಗುಣವಿಲ್ಲ. ವರ್ಷ ವರ್ಷ ಅದನ್ನೇ ಹೊಡೆದರೆ ತಳಿಗೆ ಆದದ್ದೇ ಔಷಧಿಗೂ ಆಗುತ್ತದೆ.

ಪ್ರಶ್ನೆ: ಶನಿವಾರಸಂತೆ ಕಡೆ ನಮಗೆ ಭತ್ತವೂ ಇದೆ, ರಾಗಿಯೂ ಇದೆ. ಎರಡಕ್ಕೂ ಬೆಂಕಿ ರೋಗ ಬರುತ್ತದೆ. ರಾಗಿಯಿಂದ ಭತ್ತಕ್ಕೆ ಹಾರುತ್ತದಾ?

ಉತ್ತರ: ಶಿಲೀಂಧ್ರದ ಜಾತಿ ಒಂದೇ, ಒಕ್ಕಲು ಬೇರೆ. ಭತ್ತದ ಪಂಗಡ ರಾಗಿಯ ಮೇಲೆ ಸರಿಯಾಗಿ ಬೆಳೆಯುವುದಿಲ್ಲ, ರಾಗಿಯದ್ದು ಭತ್ತದ ಮೇಲೂ ಅಷ್ಟೇ. ಆದರೆ ಈ ಗೋಡೆ ಒಡೆಯುವುದೇ ಇಲ್ಲ ಎನ್ನುವ ಹಾಗಿಲ್ಲ. 1985ರಲ್ಲಿ ಬ್ರೆಜಿಲ್‌ನ ಪರಾನಾದಲ್ಲಿ ಇದು ಮೊದಲ ಬಾರಿಗೆ ಗೋಧಿಗೆ ಬಂತು. ಅಲ್ಲಿ ಒಂದು ತಡೆ ಜೀನ್ ಇಲ್ಲದ ಗೋಧಿ ತಳಿಯನ್ನು ವಿಸ್ತಾರವಾಗಿ ಬೆಳೆದಿದ್ದರು. ಹುಲ್ಲಿನ ಮೇಲಿದ್ದ ಶಿಲೀಂಧ್ರಕ್ಕೆ ಅದು ಮೆಟ್ಟಿಲಾಯಿತು. ಅಲ್ಲಿ ನೆಲೆಯಾದ ಮೇಲೆ ಗುರುತು ಕೊಡುವ ಜೀನ್ ಕೆಟ್ಟ ಪಂಗಡಗಳು ಎದ್ದು, ತಡೆ ಇದ್ದ ತಳಿಗಳನ್ನೂ ಹಿಡಿದವು. 2016ರಲ್ಲಿ ಅದೇ ದಕ್ಷಿಣ ಅಮೆರಿಕದ ಕುಲ ಬಾಂಗ್ಲಾದೇಶದ ಗೋಧಿಯಲ್ಲಿ ಕಾಣಿಸಿಕೊಂಡಿತು.

ನಿಮ್ಮ ಹೊಲದ ಮಟ್ಟಿಗೆ, ರಾಗಿಗೆ ಹೆದರಿ ಭತ್ತ ಬಿಡಬೇಕಿಲ್ಲ. ಬೇರೆ ಬೇರೆ ತಳಿ ಇಟ್ಟುಕೊಳ್ಳಿ. ಯೂರಿಯಾ ಒಂದೇ ಸಲ ಸುರಿಯಬೇಡಿ, ಎರಡು ಮೂರು ಕಂತಿನಲ್ಲಿ ಕೊಡಿ. ಸಾರಜನಕ ಜಾಸ್ತಿಯಾದ ಪೈರಿಗೆ ಬೆಂಕಿ ರೋಗ ಬೇಗ ಹತ್ತುತ್ತದೆ. ರೋಗ ಬಂದ ಗದ್ದೆಯ ಭತ್ತವನ್ನು ಬಿತ್ತನೆಗೆ ಇಡಬೇಡಿ.