ಓದುಗರ ಪ್ರಶ್ನೆ: ಆಟಿಯ ಕಷಾಯ ಮತ್ತು ಚೀನಾದ ಚಿಂಗ್‌ಹಾವ್

ಪ್ರಶ್ನೆ: ತುಳುನಾಡಿನ ಆಟಿ ತಿಂಗಳ ಅಮಾವಾಸ್ಯೆಯಂದು ನಮ್ಮ ಮನೆಯಲ್ಲಿ ಎಲ್ಲರೂ ತಪ್ಪದೆ ಹಾಲೆ ಮರದ ಕೆತ್ತೆಯ (ತೊಗಟೆಯ) ಕಷಾಯ ಕುಡಿಯುತ್ತೇವೆ. ಚೀನಾದ ವಿಜ್ಞಾನಿಯೊಬ್ಬರು ಹಳೆಯ ವೈದ್ಯಗ್ರಂಥವನ್ನು ಓದಿ ಮಲೇರಿಯಾಕ್ಕೆ ಔಷಧ ಕಂಡುಹಿಡಿದು ನೊಬೆಲ್ ಪಡೆದರೆಂದು ಕೇಳಿದ್ದೇನೆ. ಅವರು ಮಾಡಿದ್ದೇನು? ನಮ್ಮ ಕಷಾಯಕ್ಕೂ ಅಂಥ ಗುಣವಿರಬಹುದಲ್ಲವೇ?
– ಓದುಗರೊಬ್ಬರು, ಕಾಪು

ಉತ್ತರ: ನೀವು ಕೇಳಿದ ವಿಜ್ಞಾನಿ ತು ಯೂಯೂ, ಅವರಿಗೆ ನೊಬೆಲ್ ಸಂದದ್ದು 2015ರಲ್ಲಿ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಮಲೇರಿಯಾ ಮದ್ದಾದ ಕ್ಲೋರೋಕ್ವಿನ್‌ಗೆ ಜಗ್ಗದ ಮಲೇರಿಯಾ ಸೈನಿಕರನ್ನು ಬಲಿ ತೆಗೆದುಕೊಳ್ಳುತ್ತಿದ್ದುದರಿಂದ ಚೀನಾ ಸರ್ಕಾರ 1967ರ ಮೇ 23ರಂದು ಒಂದು ಗುಪ್ತ ಸಂಶೋಧನಾ ಯೋಜನೆಯನ್ನು ಆರಂಭಿಸಿತು. 1969ರಲ್ಲಿ ಅದನ್ನು ಸೇರಿದ ತು ಅವರ ತಂಡ ಹಳೆಯ ಗ್ರಂಥಗಳಿಂದಲೂ ಹಿರಿಯ ವೈದ್ಯರಿಂದಲೂ ಔಷಧ ತಯಾರಿಸುವ ಸುಮಾರು 2000 ವಿಧಾನಗಳನ್ನು ಕಲೆಹಾಕಿ, ಸುಮಾರು 200 ಗಿಡಮೂಲಿಕೆಗಳಿಂದ ತೆಗೆದ 380ರಷ್ಟು ಸಾರಗಳನ್ನು ಇಲಿಗಳ ಮೇಲೆ ಪರೀಕ್ಷಿಸಿತು. ಚಿಂಗ್‌ಹಾವ್ ಎಂಬ ಗಿಡ ಮೊದಲು ಆಸೆ ಹುಟ್ಟಿಸಿತಾದರೂ ಮರುಪರೀಕ್ಷೆಯಲ್ಲಿ ಅದೇ ಫಲ ಸಿಗಲಿಲ್ಲ.

ಅವರು ಮತ್ತೆ ಗ್ರಂಥಗಳ ಕಡೆಗೆ ತಿರುಗಿದ್ದು ಆಗ. ನಾಲ್ಕನೆಯ ಶತಮಾನದ ವೈದ್ಯ ಗೆ ಹೊಂಗ್ ಬರೆದಿಟ್ಟ ಒಂದು ಸಾಲಿನಲ್ಲಿ, ಒಂದು ಹಿಡಿ ಚಿಂಗ್‌ಹಾವ್ ಅನ್ನು ನೀರಿನಲ್ಲಿ ನೆನೆಸಿ, ಹಿಂಡಿ, ರಸವನ್ನು ಕುಡಿಯಬೇಕೆಂದಿತ್ತು. ಕುದಿಸುವ ಮಾತೇ ಅಲ್ಲಿರಲಿಲ್ಲ. ಬಿಸಿಗೆ ಔಷಧದ ಅಂಶ ಕೆಡುತ್ತಿರಬಹುದೆಂದು ಊಹಿಸಿದ ತು, 35 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುವ ಈಥರ್ ಎಂಬ ದ್ರಾವಕ ಬಳಸಿ ಸಾರ ತೆಗೆದರು. 1971ರ ಅಕ್ಟೋಬರ್ 4ರಂದು 191ನೇ ಮಾದರಿ ಇಲಿಗಳಲ್ಲಿದ್ದ ಮಲೇರಿಯಾದ ಪರೋಪಜೀವಿಗಳನ್ನು ಸಂಪೂರ್ಣವಾಗಿ ನಿಗ್ರಹಿಸಿತು. ಮರುವರ್ಷ ಅವರು ಮತ್ತು ಸಹೋದ್ಯೋಗಿಗಳು ರೋಗಿಗಳಿಗೆ ಕೊಡುವ ಮೊದಲು ಆ ಸಾರವನ್ನು ತಾವೇ ಸೇವಿಸಿ ನೋಡಿದರು. ಈ ಸಂಗತಿಯನ್ನು ಓದಿದಾಗಲೆಲ್ಲ ನನ್ನ ಮನಸ್ಸು ಗೌರವದಿಂದ ತುಂಬುತ್ತದೆ. ಅದೇ ವರ್ಷ ಶುದ್ಧ ಹರಳಾಗಿ ಬೇರ್ಪಟ್ಟ ವಸ್ತುವೇ ಆರ್ಟಿಮಿಸಿನಿನ್. ಅದರ ಅಣುವಿನಲ್ಲಿ ಎರಡು ಆಮ್ಲಜನಕ ಪರಮಾಣುಗಳ ಒಂದು ಸೇತುವೆಯಿದೆ. ರಕ್ತಕಣದೊಳಗೆ ಹಿಮೋಗ್ಲೋಬಿನ್ ತಿಂದು ಬೆಳೆಯುವ ಪರೋಪಜೀವಿಯ ಬಳಿ ಬಿಡುಗಡೆಯಾಗುವ ಕಬ್ಬಿಣದ ಅಂಶ ಆ ಸೇತುವೆಯನ್ನು ಮುರಿದಾಗ ಹುಟ್ಟುವ ತೀಕ್ಷ್ಣ ಕಣಗಳು ಪರೋಪಜೀವಿಯನ್ನೇ ನಾಶಮಾಡುತ್ತವೆ.

ಇನ್ನು ನಮ್ಮ ಹಾಲೆ, ಅಂದರೆ ತುಳುವರ ಪಾಲೆ. ಇದರ ಕೆತ್ತೆಯನ್ನೂ ಕುದಿಸದೆ ಜಜ್ಜಿ ರಸ ಹಿಂಡುವ ಕ್ರಮ ಅನೇಕ ಮನೆಗಳಲ್ಲಿರುವುದರಿಂದ ಹೋಲಿಕೆ ನಿಮಗೆ ಹೊಳೆದದ್ದು ಸಹಜವೇ. ಅದರಲ್ಲಿ ಎಕಿಟಮೈನ್ ಮೊದಲಾದ ಸಸ್ಯರಾಸಾಯನಿಕಗಳಾದ ಆಲ್ಕಲಾಯ್ಡ್‌ಗಳಿವೆ, ಜ್ವರಕ್ಕೆ ಬಳಸುವ ವಾಡಿಕೆಯೂ ಹಳೆಯದು. ಆದರೆ ಚಿಂಗ್‌ಹಾವ್ ಗ್ರಂಥದಿಂದ ನೇರವಾಗಿ ಮದ್ದಾಗಲಿಲ್ಲ. ಗ್ರಂಥ ದಾರಿ ತೋರಿಸಿತು, ಔಷಧವೆನಿಸಿಕೊಂಡದ್ದು ಅಂಶವನ್ನು ಬೇರ್ಪಡಿಸಿ, ಪ್ರಮಾಣ ಗೊತ್ತುಮಾಡಿ, ರೋಗಿಗಳಲ್ಲಿ ಪರೀಕ್ಷಿಸಿದ ಮೇಲೆ. ಹಾಲೆಯ ಕೆತ್ತೆಯಿಂದ ಅಂಥ ಮಲೇರಿಯಾ ಔಷಧ ಬಂದಿಲ್ಲ. ಆಚರಣೆಯನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ. ಆದರೆ ಮುಂಜಾವದ ಕತ್ತಲಲ್ಲಿ ಕೆತ್ತೆ ತರುವವರು ಮರವನ್ನು ಹಿಂದಿನ ದಿನವೇ ಬಲ್ಲವರಿಂದ ಗುರುತಿಸಿಟ್ಟುಕೊಳ್ಳಲೇಬೇಕು, ಏಕೆಂದರೆ ಹಾಲೆಯೆಂದು ತಪ್ಪಿ ಕೆತ್ತಿ ತರಬಹುದಾದ ಕಾಸರಕ ಮರದ ತೊಗಟೆಯಲ್ಲಿರುವ ಸ್ಟ್ರಿಕ್ನಿನ್ ಮತ್ತು ಬ್ರೂಸಿನ್ ಪ್ರಾಣಾಂತಕ ವಿಷಗಳು.

ಪ್ರಶ್ನೆ: ಚಿಂಗ್‌ಹಾವ್ ನಮ್ಮ ದವನದ ಜಾತಿಯದೆಂದು ಓದಿದೆ. ಅದನ್ನು ಅಂಗಳದಲ್ಲಿ ಬೆಳೆಸಿ ಚಹಾ ಮಾಡಿ ಕುಡಿಯಬಹುದೇ?
– ಓದುಗರೊಬ್ಬರು, ಮಂಗಳೂರು

ಉತ್ತರ: ದವನವೂ ಚಿಂಗ್‌ಹಾವ್ ಕೂಡ ಆರ್ಟಿಮೀಸಿಯಾ ಕುಲದವೇ, ಆದರೆ ಔಷಧಕ್ಕೆ ಬಳಸುವುದು ಆರ್ಟಿಮೀಸಿಯಾ ಆನ್ವಾ ಎಂಬ ಪ್ರಭೇದವನ್ನು ಮಾತ್ರ. ಮಲೇರಿಯಾಕ್ಕೆಂದು ಅದರ ಚಹಾ ಕುಡಿಯಬೇಡಿ. ಆರ್ಟಿಮಿಸಿನಿನ್ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಗಿಡದಿಂದ ಗಿಡಕ್ಕೆ ಅದರ ಪ್ರಮಾಣವೂ ಬೇರೆ; ಅರೆಬರೆ ಪ್ರಮಾಣಕ್ಕೆ ಬದುಕುಳಿದ ಪರೋಪಜೀವಿ ಮದ್ದಿಗೆ ಜಗ್ಗದಂತಾಗುವ ಅಪಾಯವಿದೆ. ವಿಶ್ವ ಆರೋಗ್ಯ ಸಂಸ್ಥೆ ಈ ಚಹಾವನ್ನು ಒಪ್ಪುವುದಿಲ್ಲ. ಫಾಲ್ಸಿಪಾರಂ ಎಂಬ ಬಗೆಯ ಮಲೇರಿಯಾಕ್ಕೆ ಆರ್ಟಿಮಿಸಿನಿನ್ ಮೂಲದ ಮಾತ್ರೆಯನ್ನು ಇನ್ನೊಂದು ಔಷಧದ ಜೊತೆಗೇ ಕೊಡಬೇಕೆನ್ನುತ್ತದೆ. ಮಂಗಳೂರಿನಲ್ಲಿ ಹೆಚ್ಚಾಗಿ ಕಾಣುವ ಇನ್ನೊಂದು ಬಗೆಯಾದ ವೈವ್ಯಾಕ್ಸ್ ಯಕೃತ್ತಿನಲ್ಲಿ ಅಡಗಿದ್ದು ತಿಂಗಳುಗಳ ಬಳಿಕವೂ ಮರುಕಳಿಸಬಲ್ಲದಾದ್ದರಿಂದ ಅದಕ್ಕೆ 14 ದಿನ ಪ್ರೈಮಾಕ್ವಿನ್ ಎಂಬ ಮದ್ದು ಬೇಕಾಗುತ್ತದೆ. ನಡುಕದ ಜ್ವರ ಬಂದ ದಿನವೇ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ರಕ್ತಪರೀಕ್ಷೆ ಮಾಡಿಸಿ. ಯಾವ ಮಲೇರಿಯಾ ಎಂಬುದು ತಿಳಿದ ಮೇಲೆ ವೈದ್ಯರು ಮದ್ದನ್ನು ನಿರ್ಧರಿಸುತ್ತಾರೆ.