ಡೈರಿಯಲ್ಲಿ ಅವನಿಗೇ ಜಾಗ ಇರಲಿಲ್ಲ

ಯುದ್ಧದಿಂದ ತಪ್ಪಿಸಿಕೊಂಡು ಬಂದ ಕುಟುಂಬಗಳ ಮಕ್ಕಳು ಸಲಹೆಗಾಗಿ ನನ್ನ ಬಳಿ ಬರುವ ಹೊತ್ತಿಗೆ ಅವರಿಗೊಂದು ಹಣೆಪಟ್ಟಿ ಅಂಟಿರುತ್ತದೆ. ಗಮನ ಇಲ್ಲ, ಶಿಸ್ತಿಲ್ಲ, ಹೇಳಿದ್ದು ನೆನಪಿರಲ್ಲ. ಈ ಮಾತನ್ನು ಇಷ್ಟು ಸಲ ಕೇಳಿದ್ದೇನೆ ಅಂದರೆ, ಒಮ್ಮೆಯಾದರೂ ಬರೆಯಲೇಬೇಕು ಅನಿಸಿತು. ಇದು ಅವರಲ್ಲೊಬ್ಬ ಹುಡುಗನ ಕಥೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಬರೆಯಲು ಹುಡುಗನ ಒಪ್ಪಿಗೆ ಇದೆ.

ವಯಸ್ಸು 19. ಅಮ್ಮ ಮತ್ತು ಇಬ್ಬರು ಪುಟ್ಟ ತಂಗಿಯರ ಜೊತೆ ಬಂದವನು. ಅಪ್ಪ ಅಲ್ಲೇ ಉಳಿದರು. ಹೊಸ ಭಾಷೆಯನ್ನು ಮನೆಯಲ್ಲಿ ಎಲ್ಲರಿಗಿಂತ ಬೇಗ ಕಲಿತಿದ್ದ. ಆದರೆ ಕಾಲೇಜಿನಲ್ಲಿ ಅಸೈನ್‌ಮೆಂಟ್ ಕೊಡುವ ದಿನ ಮರೆಯುತ್ತಿದ್ದ. ಓದಿದ ಪುಟವನ್ನೇ ಮತ್ತೆ ಮತ್ತೆ ಓದುತ್ತಿದ್ದ. ಒಂದು ಪರೀಕ್ಷೆಯಲ್ಲಿ ಎರಡು ಪ್ರಶ್ನೆಗೆ ಉತ್ತರ ಬರೆದು ಎದ್ದು ಹೋಗಿದ್ದ.

ನಾನೂ ಮೊದಲು ತಪ್ಪು ದಾರಿಯಲ್ಲೇ ಹೋದೆ. ಒಂದು ಡೈರಿ ಕೊಟ್ಟೆ. ವಾರವನ್ನು ಹೇಗೆ ಹಂಚಿಕೊಳ್ಳಬೇಕು, ದೊಡ್ಡ ಕೆಲಸವನ್ನು ಹೇಗೆ ಚಿಕ್ಕ ಚಿಕ್ಕದು ಮಾಡಿಕೊಳ್ಳಬೇಕು ಅಂತ ಹೇಳಿಕೊಟ್ಟೆ. ಮೂರು ಭೇಟಿ ಅದರಲ್ಲೇ ಕಳೆಯಿತು.

ನಾಲ್ಕನೇ ಸಲ ತಡವಾಗಿ ಬಂದ. "ಡೈರಿ ಬರೆದೆಯಾ?" ಎಂದೆ. ನನ್ನ ದನಿಯಲ್ಲಿ ಬೇಸರ ಇತ್ತು. ಅವನು ಮಾತಾಡದೆ ಡೈರಿಯನ್ನು ಮೇಜಿನ ಮೇಲಿಟ್ಟ. ತೆರೆದು ನೋಡಿದರೆ ಪುಟಗಳೆಲ್ಲ ಭರ್ತಿ. ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯುವ ದಿನಗಳು. ತಂಗಿಯರ ಶಾಲೆಯ ಪೋಷಕರ ಸಭೆ. ಮನೆ ಬಾಡಿಗೆಯ ಪತ್ರಕ್ಕೆ ಉತ್ತರ. ವಕೀಲರಿಗೆ ಫೋನ್ ಮಾಡಬೇಕಾದ ವೇಳೆ. ಆಶ್ರಯ ಕೋರಿದ ಅರ್ಜಿಯ ಸಂದರ್ಶನಕ್ಕೆ ಬೇಕಾದ ಒಂಬತ್ತು ದಾಖಲೆಗಳು, ಒಂದೊಂದರ ಮುಂದೆಯೂ ಟಿಕ್ ಗುರುತು.

"ಇದರಲ್ಲಿ ಒಂದನ್ನೂ ನಾನು ತಪ್ಪಿಸಿಲ್ಲ," ಅಂದ. ಸ್ವಲ್ಪ ಹೊತ್ತು ಬಿಟ್ಟು, "ಕಾಲೇಜಿನದು ಬರೆಯೋಕೆ ಜಾಗ ಉಳೀಲಿಲ್ಲ," ಅಂದ.

ಯೋಜನೆ ಹಾಕೋಕೆ ಬರಲ್ಲ ಅಂತ ನಾವೆಲ್ಲ ಹೇಳುತ್ತಿದ್ದ ಹುಡುಗ ನಾಲ್ಕು ಜನರ ಬದುಕನ್ನು ಒಂದು ಡೈರಿಯಲ್ಲಿ ನಡೆಸುತ್ತಿದ್ದ.

ನಿದ್ದೆಯ ಬಗ್ಗೆ ಕೇಳಿದೆ. ಅಪ್ಪನ ಫೋನ್ ಯಾವ ಹೊತ್ತಿನಲ್ಲಾದರೂ ಬರಬಹುದು, ಹಾಗಾಗಿ ಫೋನನ್ನು ಜೋರು ಸದ್ದಿನಲ್ಲಿ ತಲೆ ಪಕ್ಕವೇ ಇಟ್ಟುಕೊಳ್ಳುತ್ತೇನೆ ಅಂದ. ಯಾವ ಮೆಸೇಜ್ ಬಂದರೂ ಎದ್ದು ಕೂರುತ್ತಿದ್ದ. ಕೊನೆಯ ಸಲ ಅಪ್ಪ ಯಾವಾಗ ಮಾತಾಡಿದ್ದು? "ಎರಡು ತಿಂಗಳಾಯಿತು." ಆಸ್ಪತ್ರೆಯ ವಿಷಯಕ್ಕೆ ಬಂದಾಗ ಮಾತ್ರ ತಲೆ ತಗ್ಗಿಸಿದ. ಅಲ್ಲಿ ಅಮ್ಮನಿಗೂ ಡಾಕ್ಟರಿಗೂ ನಡುವೆ ಮಾತು ದಾಟಿಸುವವನು ಅವನೇ. "ಡಾಕ್ಟರ್ ಕೇಳಿದ್ದನ್ನು ಅಮ್ಮನಿಗೆ ಹೇಳೋಕೆ ನನಗೆ ನಾಚಿಕೆ. ಅಮ್ಮನಿಗೂ ನಾಚಿಕೆ. 'ಏನೂ ತೊಂದರೆ ಇಲ್ಲ ಅಂತ ಹೇಳು' ಅಂತಾಳೆ. ನಾನು ಹಾಗೇ ಹೇಳ್ತೀನಿ."

ಬೇಕಾದ್ದನ್ನು ಮನಸ್ಸಿನಲ್ಲಿ ಹಿಡಿದಿಡುವುದು, ಬೇಡವಾದದ್ದನ್ನು ತಡೆಯುವುದು, ಒಂದು ಕೆಲಸದಿಂದ ಇನ್ನೊಂದಕ್ಕೆ ಹೊರಳುವುದು, ಇವನ್ನು ಸೇರಿಸಿ ಎಕ್ಸಿಕ್ಯೂಟಿವ್ ಫಂಕ್ಷನ್ ಅನ್ನುತ್ತೇವೆ. ಮನಸ್ಸು ಒಮ್ಮೆಗೆ ಸುಮಾರು ನಾಲ್ಕು ಸಂಗತಿಗಳನ್ನಷ್ಟೇ ಹಿಡಿಯಬಲ್ಲದು ಅಂತ ಮನೋವಿಜ್ಞಾನಿ ನೆಲ್ಸನ್ ಕೋವನ್ 2001ರಲ್ಲಿ ವಾದಿಸಿದರು. ಅದು ಪ್ರಯೋಗಾಲಯದ ಲೆಕ್ಕ, ನಿಜ. ಆದರೆ ಈ ಹುಡುಗ ತರಗತಿಯಲ್ಲಿ ಕೂರುವಾಗ ಅಪ್ಪ, ಅಮ್ಮ, ತಂಗಿಯರು, ಅರ್ಜಿ ಎಲ್ಲವೂ ಆಗಲೇ ತಲೆಯಲ್ಲಿ ಕೂತಿರುತ್ತಿದ್ದವು. ಜೊತೆಗೆ ನಿದ್ದೆಗೆಟ್ಟ ಮೆದುಳು. ಒತ್ತಡ ಜಾಸ್ತಿಯಾದಾಗ ಮೊದಲು ಸೊರಗುವ ಭಾಗಗಳಲ್ಲಿ ಹಣೆಯ ಹಿಂದಿನ ಪ್ರಿಫ್ರಂಟಲ್ ಕಾರ್ಟೆಕ್ಸ್ ಒಂದು. ಈ ಕೆಲಸಗಳೆಲ್ಲ ಅದನ್ನೇ ನೆಚ್ಚಿಕೊಂಡಿವೆ. ಅವನ ಸಾಮರ್ಥ್ಯ ಕೆಟ್ಟಿರಲಿಲ್ಲ, ಖರ್ಚಾಗಿ ಹೋಗಿತ್ತು.

ಡೈರಿಯ ಪಾಠ ಅಲ್ಲಿಗೇ ನಿಲ್ಲಿಸಿದೆ. ಅಮ್ಮನ ಆಸ್ಪತ್ರೆ ಭೇಟಿಗೆ ವೃತ್ತಿಪರ ದುಭಾಷಿಯನ್ನು ಕೇಳಿ ಪಡೆಯಲು ಹೇಳಿ, ಅದರ ಪತ್ರ ನಾನೇ ಬರೆದೆ. ಕಾಲೇಜಿನಲ್ಲಿ ಈ ಅವಧಿಗೆ ಒಂದು ವಿಷಯ ಕೈಬಿಡಲು ಹೇಳಿದೆ. ಅಪ್ಪನ ಕರೆಗೆ ಮಾತ್ರ ಬೇರೆ ರಿಂಗ್‌ಟೋನ್, ರಾತ್ರಿ ಉಳಿದದ್ದೆಲ್ಲ ಮೌನ. ಫೋನ್ ಆಫ್ ಮಾಡು ಅಂತ ನಾನು ಹೇಳಲಿಲ್ಲ, ಯಾರೂ ಹೇಳಬಾರದು. ಓದಿಗೆ ಒಂದೇ ಒಂದು ನಿಯಮ: ತಂಗಿಯರನ್ನು ಶಾಲೆಗೆ ಬಿಟ್ಟ ಕೂಡಲೇ ಲೈಬ್ರರಿಯ ಅದೇ ಕುರ್ಚಿ, 20 ನಿಮಿಷ. "ಇದಾದ ಕೂಡಲೇ ಅದು" ಅಂತ ಮೊದಲೇ ಗಂಟು ಹಾಕಿಟ್ಟರೆ ದಣಿದ ಮನಸ್ಸು ಪ್ರತಿದಿನ ಹೊಸದಾಗಿ ತೀರ್ಮಾನ ಮಾಡಬೇಕಾಗಿಲ್ಲ. ಅವನ ಕೆಟ್ಟ ಕನಸುಗಳಿಗಾಗಿ ಮಾನಸಿಕ ಆಘಾತಕ್ಕೆ ಚಿಕಿತ್ಸೆ ಕೊಡಬಲ್ಲವರ ಬಳಿ ಕಳಿಸಿದೆ.

ಇದಕ್ಕೆ ಇಬ್ಬರು ಸಹೋದ್ಯೋಗಿಗಳು ಆಕ್ಷೇಪ ಎತ್ತಿದರು. ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಚಡಪಡಿಕೆಯ ಸಮಸ್ಯೆ, ಅದರ ಪರೀಕ್ಷೆ ಯಾಕೆ ಮಾಡಿಸಲಿಲ್ಲ ಅಂತ ಒಬ್ಬರು ಕೇಳಿದರು. ಮಾಡಿಸಬಾರದು ಅಂತಲ್ಲ. ಆದರೆ ಏಕಾಗ್ರತೆ ಸಿಗದಿರುವುದು, ನಿದ್ದೆ ಬಾರದಿರುವುದು ಆಘಾತದ ನಂತರದ ಒತ್ತಡದ ಲಕ್ಷಣಗಳೂ ಹೌದು. ನಿದ್ದೆ ಸ್ವಲ್ಪ ಸರಿಹೋಗಲಿ, ಆಮೇಲೂ ತೊಂದರೆ ಉಳಿದರೆ ನೋಡೋಣ ಅಂದೆ. ಇನ್ನೊಬ್ಬರು, "ಮನೆಯ ಜವಾಬ್ದಾರಿ ಬಿಡು ಅಂತ ಹೇಳಿಕೊಟ್ಟ ಹಾಗಾಯ್ತು ಅಲ್ವಾ?" ಅಂದರು. ಇದು ನನಗೆ ನೋವು ತಂದ ಮಾತು. ಮನೆಗೆ ತಾನು ಬೇಕು ಅನ್ನುವ ಭಾವನೆಯೇ ಅವನನ್ನು ನಿಲ್ಲಿಸಿತ್ತು, ಅದನ್ನು ನಾನು ಮುಟ್ಟಲಿಲ್ಲ. ಬಾಡಿಗೆ ಪತ್ರ, ಶಾಲೆಯ ಸಭೆ ಈಗಲೂ ಅವನದೇ. ಆದರೆ ತಾಯಿಯ ಕಾಯಿಲೆಗೆ ಮಗ ಬಾಯಾಗುವುದು ಜವಾಬ್ದಾರಿ ಅಲ್ಲ, ಇಬ್ಬರಿಗೂ ಶಿಕ್ಷೆ. ಆ ಸಲಹೆಯನ್ನು ಇವತ್ತೂ ಕೊಡುತ್ತೇನೆ.

ಶಿಕ್ಷಕರೇ, ಇಂಥ ವಿದ್ಯಾರ್ಥಿ ನಿಮ್ಮ ತರಗತಿಯಲ್ಲಿದ್ದರೆ ದಿನಾಂಕಗಳನ್ನು ಬಾಯಲ್ಲಿ ಹೇಳಿ ಬಿಡಬೇಡಿ, ಬರೆದು ಕೊಡಿ. ಯಾಕೆ ಮರೆತೆ ಅಂತ ಕೇಳುವ ಮೊದಲು, ಮನೆಯಲ್ಲಿ ಯಾರ ಯಾರ ಕೆಲಸ ನೀನು ನೆನಪಿಟ್ಟುಕೊಳ್ಳಬೇಕು ಅಂತ ಕೇಳಿ. ಹೊಸದಾಗಿ ಬರುವ ಪ್ರತಿಯೊಬ್ಬರನ್ನೂ ನಾನೀಗ ಮೊದಲ ದಿನವೇ ಇದನ್ನು ಕೇಳುತ್ತೇನೆ.

ದುಭಾಷಿ ಬಂದ ಮೊದಲ ದಿನ ಅವನ ಅಮ್ಮ ಡಾಕ್ಟರ ಜೊತೆ ನಲವತ್ತು ನಿಮಿಷ ಮಾತಾಡಿದರಂತೆ. ಅವನು ಹೊರಗೆ ಪುಸ್ತಕ ಹಿಡಿದು ಕೂತಿದ್ದ. "ಓದಿದೆಯಾ?" ಅಂತ ಕೇಳಿದೆ.

"ಇಲ್ಲ," ಅಂದ. "ನಿದ್ದೆ ಬಂತು."