ಚಿತ್ರ ನೋಡಬೇಡಿ, ಬೋರ್ಡು ಮಗುಚಿ ನೋಡಿ

ಪ್ರಶ್ನೆ: ಎಂಟು ವರ್ಷದ ಮಗಳು ಸ್ಕೇಟ್‌ಬೋರ್ಡ್ ಬೇಕೆಂದು ಹಟ ಹಿಡಿದಿದ್ದಾಳೆ. ಆಟಿಕೆ ಅಂಗಡಿಯಲ್ಲಿ ಕಾರ್ಟೂನ್ ಚಿತ್ರದ ಬೋರ್ಡು ಅಗ್ಗಕ್ಕೆ ಸಿಗುತ್ತದೆ. ಕಲಿಯುವಷ್ಟು ದಿನಕ್ಕೆ ಅದು ಸಾಕಲ್ಲವೇ? ನಮ್ಮ ಬೀದಿಯ ರಸ್ತೆ ತುಸು ತರಿತರಿಯಾಗಿದೆ.
– ಓದುಗರು, ಮೈಸೂರು

ಉತ್ತರ: ಸಾಲದು. ಕಳಪೆ ಬೋರ್ಡನ್ನು ನುರಿತವರು ಹೇಗೋ ಸಂಭಾಳಿಸುತ್ತಾರೆ, ಕಲಿಯುವ ಮಗುವಿಗೆ ಅದು ಆಗದು. ಬೋರ್ಡನ್ನು ಮಗುಚಿ, ಚಕ್ರಗಳನ್ನು ಹಲಗೆಗೆ ಸೇರಿಸುವ ‘ಟ್ರಕ್’ ನೋಡಿ. ಅದು ಪ್ಲಾಸ್ಟಿಕ್ಕಾದರೆ ಅಲ್ಲೇ ಬಿಟ್ಟುಬನ್ನಿ, ಅಲ್ಯೂಮಿನಿಯಂ ಆಗಿರಬೇಕು. ಹಲಗೆ 7 ಪದರದ ಮೇಪಲ್ ಮರದ್ದಿರಲಿ. ಎಂಟರ ಮಗುವಿಗೆ 7.25ರಿಂದ 7.5 ಇಂಚು ಅಗಲ ಸರಿ. ಟ್ರಕ್ಕಿನ ಆಕ್ಸಲ್ ಹೆಚ್ಚುಕಡಿಮೆ ಅಷ್ಟೇ ಉದ್ದವಿರಲಿ. ‘ದೊಡ್ಡವಳಾದ ಮೇಲೂ ಬರಲಿ’ ಎಂದು ಅಗಲದ ಬೋರ್ಡು ಕೊಂಡರೆ ಅವಳ ಪುಟ್ಟ ಪಾದಕ್ಕೆ ಅದನ್ನು ವಾಲಿಸಲು ಆಗುವುದಿಲ್ಲ.

ಹೆಚ್ಚಿನವರು ಗಮನಿಸದ ಭಾಗವೆಂದರೆ ಬುಶಿಂಗ್, ಅಂದರೆ ಟ್ರಕ್ಕಿನೊಳಗಿನ ರಬ್ಬರಿನಂಥ ಬಿಲ್ಲೆಗಳು. ಬೋರ್ಡು ತಿರುಗುವುದು ಅವು ಅದುಮಿಕೊಂಡಾಗ. ದೊಡ್ಡವರ ತೂಕಕ್ಕೆ ಹೊಂದಿಸಿದ ಬುಶಿಂಗು ಇಪ್ಪತ್ತೈದು ಕಿಲೋ ಮಗುವಿಗೆ ಬಗ್ಗುವುದೇ ಇಲ್ಲ. ಬೋರ್ಡು ನೆಟ್ಟಗೆ ಹೋಗಿ ಗೋಡೆಗೆ ಹೊಡೆಯುತ್ತದೆ, ಮಗುವಿಗೆ ‘ನಿನಗೆ ಬರಲ್ಲ’ ಎಂಬ ಬೈಗುಳ ಬೀಳುತ್ತದೆ! ಅಂಗಡಿಯಲ್ಲೇ ಕೈ ಹಿಡಿದು ನಿಲ್ಲಿಸಿ, ಬೆರಳ ಕಡೆಗೊಮ್ಮೆ, ಹಿಮ್ಮಡಿ ಕಡೆಗೊಮ್ಮೆ ಭಾರ ಹಾಕಿಸಿ. ಹಲಗೆ ವಾಲಬೇಕು. ವಾಲದಿದ್ದರೆ ಟ್ರಕ್ಕಿನ ನಡುವಿನ ಕಿಂಗ್‌ಪಿನ್ ನಟ್ಟನ್ನು (9/16 ಇಂಚಿನ ಸ್ಪ್ಯಾನರ್) ಕಾಲು ಸುತ್ತಿನಂತೆ ಸಡಿಲಿಸಿ. ಬೋಲ್ಟಿನ ತುದಿ ನಟ್ಟಿನೊಳಗೆ ಮುಳುಗುವಷ್ಟು ಬಿಚ್ಚಬೇಡಿ, ಕಳಚಿಬಿದ್ದೀತು. ಆಗಲೂ ವಾಲದಿದ್ದರೆ 78ಎಯಿಂದ 85ಎ ಒಳಗಿನ ಮೆದು ಬುಶಿಂಗು ಹಾಕಿಸಿ (‘ಎ’ ಅಂಕಿ ಗಡಸುತನದ ಅಳತೆ, ಕಡಿಮೆಯಾದಷ್ಟೂ ಮೆದು).

ನಿಮ್ಮ ರಸ್ತೆಗೆ ಚಕ್ರವೂ ಮೆದುವೇ ಬೇಕು: 78ಎ ಗಡಸುತನ, 54–56 ಮಿ.ಮೀ. ವ್ಯಾಸ. ಸ್ಕೇಟ್‌ಪಾರ್ಕಿನ ನುಣುಪು ಕಾಂಕ್ರೀಟಿಗೆಂದು ಮಾಡಿದ 99ಎ ಚಕ್ರಕ್ಕೆ ಸಣ್ಣ ಜಲ್ಲಿಕಲ್ಲು ಸಿಕ್ಕರೂ ಸಾಕು, ಬೋರ್ಡು ಗಕ್ಕನೆ ನಿಂತು ಮಗು ಮುಂದಕ್ಕೆ ಬೀಳುತ್ತದೆ. ಆದರೆ ದೊಡ್ಡ ಚಕ್ರ, ಸಡಿಲ ಟ್ರಕ್ ಎರಡೂ ಸೇರಿದಾಗ ವಾಲಿದ ಹಲಗೆಗೆ ಚಕ್ರ ಉಜ್ಜಿ ನಿಲ್ಲುವುದುಂಟು. ಹಲಗೆಯಡಿ ಕಪ್ಪು ಉಜ್ಜುಗುರುತು ಕಂಡರೆ ಟ್ರಕ್ಕಿಗೂ ಹಲಗೆಗೂ ನಡುವೆ 1/8 ಇಂಚಿನ ರೈಸರ್ ಪ್ಯಾಡ್ (ಎತ್ತರಿಸುವ ಬಿಲ್ಲೆ) ಹಾಕಿಸಿ. ಬೋಲ್ಟುಗಳೂ ಅಷ್ಟು ಉದ್ದವಾಗಬೇಕು.

ಚಕ್ರದೊಳಗಿನ ಬೇರಿಂಗಿನ ‘ಎಬೆಕ್’ ಅಂಕಿಗೆ (ಅದು ತಯಾರಿಕೆಯ ನಿಖರತೆಯ ದರ್ಜೆ) ಹೆಚ್ಚು ದುಡ್ಡು ಸುರಿಯಬೇಡಿ. ಮಳೆನೀರಿಗೆ ಸಿಕ್ಕರೆ ಎಲ್ಲವೂ ತುಕ್ಕು ಹಿಡಿಯುತ್ತವೆ. ಅಳತೆ 608, ಬದಲಾಯಿಸುವುದು ಸುಲಭ.

ಪ್ರಶ್ನೆ: ಮನೆಯಲ್ಲಿರುವ ಸೈಕಲ್ ಹೆಲ್ಮೆಟ್ಟೇ ಸಾಕೇ?

ಉತ್ತರ: ಶುರುವಿಗೆ ನಡೆಯುತ್ತದೆ, ಇಎನ್ 1078 ಗುರುತಿದ್ದರೆ. ಆ ಯುರೋಪಿಯನ್ ಸುರಕ್ಷತಾ ಮಾನದಂಡ ಸೈಕಲ್, ಸ್ಕೇಟ್‌ಬೋರ್ಡ್ ಎರಡಕ್ಕೂ ಇದೆ. ಆದರೆ ಬೋರ್ಡು ಮುಂದಕ್ಕೆ ಜಾರಿದಾಗ ಬೀಳುವುದು ಹಿಂದಕ್ಕೆ. ಹಾಗಾಗಿ ಹಿಂದಲೆಯನ್ನು ಕೆಳಗಿನವರೆಗೂ ಮುಚ್ಚುವ ಸ್ಕೇಟ್ ಹೆಲ್ಮೆಟ್ ಮೇಲು. ಜೋರಾಗಿ ಪೆಟ್ಟು ತಿಂದ ಸೈಕಲ್ ಹೆಲ್ಮೆಟ್ಟನ್ನು ಮತ್ತೆ ಹಾಕಿಸಬೇಡಿ. ಬೀಳುವಾಗ ಯಾರೇ ಆದರೂ ಕೈ ಊರುತ್ತಾರೆ, ಆದ್ದರಿಂದ ಮಣಿಕಟ್ಟಿನ ಗಾರ್ಡನ್ನೂ ಹೆಲ್ಮೆಟ್ ಜೊತೆಗೇ ತನ್ನಿ. ಚಪ್ಪಲಿ ಬೇಡ; ಚಪ್ಪಟೆ ಅಟ್ಟೆಯ ಕ್ಯಾನ್ವಾಸ್ ಶೂ ಸಾಕು.